ಕಾಫಿ ಕಣದಲ್ಲಿ ಮಾರಿಸ್ ಮೈನರ್ ಟೋ-ಇನ್: ನನ್ನ ಅನುಭವ

ಹಳೆಯ ಬ್ರಿಟಿಷ್ ಕಾರು ಮಾರಿಸ್ ಮೈನರ್‌ನ ಮುಂದಿನ ಚಕ್ರಗಳಲ್ಲಿ ಮನೆಯಲ್ಲೇ ಸರಿಮಾಡಬಹುದಾದದ್ದು ಟೋ-ಇನ್ ಒಂದೇ, ಅಂದರೆ ಎರಡೂ ಚಕ್ರಗಳ ಮುಂಭಾಗ ತುಸು ಒಳಕ್ಕೆ ತಿರುಗಿರುವುದು. ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು), ಕ್ಯಾಸ್ಟರ್ (ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವುದು) ಹೊಂದಿಸಲು ಅದರಲ್ಲಿ ವ್ಯವಸ್ಥೆಯೇ ಇಲ್ಲ. ಅವು ತಪ್ಪಿದ್ದರೆ ಬುಷ್ ಸವೆದಿರುತ್ತದೆ, ಇಲ್ಲವೇ ಏನೋ ಬಾಗಿರುತ್ತದೆ. ಟೋ-ಇನ್ 3/32 ಇಂಚು, ಅಂದರೆ 2.4 ಮಿ.ಮೀ. ಇರಬೇಕು. ಎರಡು ಚಕ್ರಗಳ ನಡುವೆ ಮುಂದಿನ ಅಂತರ ಹಿಂದಿನದಕ್ಕಿಂತ ಅಷ್ಟು ಕಡಿಮೆ.

ಟೇಪ್ ಹಿಡಿಯುವ ಮೊದಲು ಸಡಿಲ ನೋಡಲೇಬೇಕು. ಜಾಕ್ ಕೊಟ್ಟು ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿ. ಅಲುಗಿದರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಅಲುಗಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಟ್ರನಿಯನ್ (ಚಕ್ರವನ್ನು ಸಸ್ಪೆನ್ಶನ್‌ಗೆ ಜೋಡಿಸುವ, ಸ್ಕ್ರೂನಂಥ ಮರೆಯಿರುವ ಕೀಲು). ಎಡ-ಬಲ ಅಲುಗಿದರೆ, ಸ್ಟಿಯರಿಂಗ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡ್‌ನ ಬಾಲ್ ಜಾಯಿಂಟ್. ಟ್ರನಿಯನ್‌ನ ಮರೆ ಸವೆದರೆ ಒಂದು ದಿನ ಕಳಚಿ ಚಕ್ರವೇ ಒಳಗೆ ಮಡಚಿಕೊಳ್ಳುತ್ತದೆ. ಅಂಥ ಗಾಡಿಗೆ ಅಲೈನ್‌ಮೆಂಟ್ ಮಾಡಿ ಏನು ಪ್ರಯೋಜನ? ನಮ್ಮ ಮಳೆಗಾಲದ ಕೆಸರು ಗ್ರೀಸನ್ನು ಬೇಗ ತೊಳೆದು ಹಾಕುತ್ತದೆ. ಚಕ್ರ ಮೇಲಿದ್ದಾಗಲೇ, ಹಳೆಯ ಗ್ರೀಸ್ ಹೊರಬರುವವರೆಗೆ ಟ್ರನಿಯನ್‌ಗೆ ಗ್ರೀಸ್ ಗನ್ ಒತ್ತಿ.

ಜಾಗಕ್ಕೆ ಕಾಫಿ ಒಣಗಿಸುವ ಕಣ ಒಳ್ಳೆಯದು, ಆದರೆ ನೀರು ಹರಿಯಲೆಂದು ಅದಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಲೆವೆಲ್ ಪೈಪಿನಿಂದ ನೋಡಿ, ಎರಡೂ ಮುಂದಿನ ಚಕ್ರಗಳು ಒಂದೇ ಮಟ್ಟಕ್ಕೆ ಬರುವಂತೆ ಗಾಡಿ ನಿಲ್ಲಿಸಿ. ಟೈರ್ ಗಾಳಿ ಎರಡೂ ಕಡೆ ಸಮ ಇರಲಿ.

ಜಾಕ್ ಮೇಲಿರುವಾಗಲೇ ಟೈರ್ ತಿರುಗಿಸುತ್ತಾ ಮೊಳೆಯಿಂದ ನಡುವೆ ಸಣ್ಣ ಗೆರೆ ಎಳೆಯಿರಿ. ಇಳಿಸಿದ ಮೇಲೆ ಸ್ಟಿಯರಿಂಗ್ ನೇರ ಇಟ್ಟು, ಗಾಡಿಯನ್ನು ಕೆಲವು ಅಡಿ ಮುಂದಕ್ಕೆ ತಳ್ಳಿ. ಹಿಂದಕ್ಕೆ ತಳ್ಳಬೇಡಿ, ಉಳಿದ ಸಡಿಲ ಉಲ್ಟಾ ಕೂತು ಅಳತೆ ಸುಳ್ಳಾಗುತ್ತದೆ. ಹಬ್‌ನ ಎತ್ತರದಲ್ಲಿ, ಮುಂದಿನ ಗೆರೆಗಳ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಅಂತರ ಅಳೆಯಿರಿ. ಚಕ್ರ ಅರ್ಧ ಸುತ್ತು ಉರುಳುವಂತೆ ಮತ್ತೆ ಮುಂದಕ್ಕೆ ತಳ್ಳಿ, ಅದೇ ಗುರುತುಗಳನ್ನು ಹಿಂದೆ ಅಳೆಯಿರಿ. ರಿಮ್ ಸ್ವಲ್ಪ ಡೊಂಕಿದ್ದರೂ ಲೆಕ್ಕ ಕೆಡುವುದಿಲ್ಲ. ನಡುವೆ ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಅಡ್ಡ ಬಂದರೆ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತಿಸಿ ಅಳೆಯಬಹುದು.

ತಿದ್ದಲು ಟೈ ರಾಡ್ ತುದಿಯ ಲಾಕ್ ನಟ್ ಸಡಿಲಿಸಿ. ರಬ್ಬರ್ ಬೆಲ್ಲೋಸ್‌ನ ಕ್ಲಿಪ್ಪನ್ನೂ ಸಡಿಲಿಸಬೇಕು. ಇದನ್ನು ಮರೆತು ರಾಡ್ ತಿರುಗಿಸಿದರೆ ರಬ್ಬರ್ ತಿರುಚಿ ಹರಿಯುತ್ತದೆ. ಮೈನರ್‌ನ ರ‍್ಯಾಕ್ (ಟೈ ರಾಡ್‌ಗಳನ್ನು ಎಡ-ಬಲ ಸರಿಸುವ ಹಲ್ಲಿನ ಪಟ್ಟಿ) ಆಕ್ಸಲ್ ರೇಖೆಯ ಹಿಂದಿದೆ. ಹಾಗಾಗಿ ರಾಡ್ ಉದ್ದವಾದರೆ ಟೋ-ಇನ್ ಹೆಚ್ಚುತ್ತದೆ, ಗಿಡ್ಡವಾದರೆ ತಗ್ಗುತ್ತದೆ. ಎರಡೂ ಕಡೆ ಕಾಲು ಸುತ್ತು ಸಮವಾಗಿ ತಿರುಗಿಸಿ, ಮತ್ತೆ ಮುಂದಕ್ಕೆ ತಳ್ಳಿ, ಮತ್ತೆ ಅಳೆಯಿರಿ. ಒಂದೇ ಕಡೆ ತಿರುಗಿಸಿದರೆ ಸ್ಟಿಯರಿಂಗ್ ಓರೆಯಾಗುತ್ತದೆ. ಲಾಕ್ ನಟ್ ಬಿಗಿದ ಮೇಲೆ ಇನ್ನೊಮ್ಮೆ ಅಳೆಯುವುದು ಒಳ್ಳೆಯದು, ಬಿಗಿಯುವಾಗ ರಾಡ್ ತುಸು ಜಾರುವುದುಂಟು.

ಸಂಪಾಜೆ ಘಾಟಿಯ ತಿರುವುಗಳಲ್ಲಿ ಓಡುವ ಗಾಡಿಯ ಟೈರಿನ ಹೊರ ಅಂಚು ಹೇಗೂ ಸವೆಯುತ್ತದೆ, ಅದನ್ನೇ ನೋಡಿ ಟೋ-ಇನ್ ಜಾಸ್ತಿ ಎನ್ನಬೇಡಿ. ಟ್ರೆಡ್ ಮೇಲೆ ಅಂಗೈ ಸವರಿ: ಒಳಗಿನಿಂದ ಹೊರಕ್ಕೆ ಎಳೆದಾಗ ಗರಗಸದಂತೆ ತಾಗಿದರೆ ಟೋ-ಇನ್ ಜಾಸ್ತಿ, ಹೊರಗಿನಿಂದ ಒಳಕ್ಕೆ ಎಳೆದಾಗ ತಾಗಿದರೆ ಟೋ-ಔಟ್. ಓಡಿಸಿ ನೋಡಲು ಮಡಿಕೇರಿಯ ಏರಿಳಿತ ಬೇಡ, ಕುಶಾಲನಗರದ ಕಡೆಯ ಸಮತಟ್ಟು ರಸ್ತೆಗೆ ಇಳಿಯಿರಿ.