ನೆರೆಯಲ್ಲಿ ಡ್ರೋನ್ ಹಾರಿಸಿ ಖರ್ಚು ವಾಪಸ್ ಪಡೆದದ್ದು ಹೇಗೆ: ನನ್ನ ಅನುಭವ

ಭೀಮಾ ನದಿ ತುಂಬಿದಾಗ ಡ್ರೋನ್ ತಗೊಂಡು ಓಡುವ ಹುಡುಗರಿಗೆ ಈಗ ಕಲಬುರಗಿಯಲ್ಲಿ ಬರವಿಲ್ಲ. ಮದುವೆ ವಿಡಿಯೋ ಮಾಡುವವರಿದ್ದಾರೆ, ನನ್ನ ಹಾಗೆ ತೊಗರಿಗೆ ಔಷಧಿ ಹೊಡೆಯುವವರಿದ್ದಾರೆ. ಸಿಕ್ಕಾಗಲೆಲ್ಲ ಅವರು ಕೇಳುವುದು ಒಂದೇ ಮಾತು: "ಅಣ್ಣಾ, ನಿಮಗ ರೊಕ್ಕ ಹ್ಯಾಂಗ್ ಬಂತು? ನಮಗ ಬರೇ ಶಾಲು ಹಾಕಿ ಕಳಿಸ್ಯಾರ." ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಬಂದದ್ದು ಸಂಬಳ ಅಲ್ಲ, ಖರ್ಚು. ಪೆಟ್ರೋಲು, ಪ್ರೊಪೆಲ್ಲರ್, ಜನರೇಟರ್, ಇಂಥವು. ಅದೂ ಎಲ್ಲ ಬರಲಿಲ್ಲ.

ಈ ಕೆಲಸ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಅದು ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿಗೆ ಬರುತ್ತದೆ. ಅಲ್ಲಿಂದ ಕೆಳಗೆ ಗಾಣಗಾಪುರ, ಜೇವರ್ಗಿ ರಸ್ತೆಯ ಕಟ್ಟಿಸಂಗಾವಿ ಸೇತುವೆ, ಆಮೇಲೆ ಯಾದಗಿರಿ ಕಡೆ. 2020ರ ಅಕ್ಟೋಬರ್‌ನಲ್ಲೂ, 2025ರ ಸೆಪ್ಟೆಂಬರ್ ಕೊನೆಯಲ್ಲೂ ನೆರೆ ಬಂದದ್ದು ಇದೇ ದಾರಿಯಲ್ಲಿ. ನೀರು ಯಾವಾಗ ಬರುತ್ತದೆ ಅನ್ನೋದು ಹೆಚ್ಚುಕಮ್ಮಿ ಮೊದಲೇ ಗೊತ್ತಾಗುತ್ತದೆ. ಯಾವ ಹೊಲದ ಮನೆಯಲ್ಲಿ ಯಾರು ಉಳಿದಿದ್ದಾರೆ ಅನ್ನೋದು ಗೊತ್ತಾಗಲ್ಲ. ಕುರಿ ಬಿಟ್ಟು ಬರಲ್ಲ ಅಂತ ಹಟ ಹಿಡಿದು ಕೂತ ಮುದುಕರು ಎಲ್ಲ ಊರಲ್ಲೂ ಇರುತ್ತಾರೆ. ದೋಣಿ ಇಳಿಸುವ ಮೊದಲು ನಾವು ಮೇಲಿಂದ ನೋಡಿ ಹೇಳಬೇಕು.

ಮೇಲಿಂದ ನೋಡಿದರೆ ನೀರು, ತುಕ್ಕು ಹಿಡಿದ ತಗಡು, ಒದ್ದೆ ಮಣ್ಣು ಎಲ್ಲ ಒಂದೇ ಬಣ್ಣ. ಪರದೆ ಮೇಲೆ ಮನುಷ್ಯ ಒಂದು ಚುಕ್ಕೆ. ಒಳಗಿದ್ದವರ ಫೋನು ಹತ್ತಿದರೆ "ಕೆಂಪು ಸೀರಿ ಇದ್ರ ಬೀಸ್ರಿ" ಅನ್ನುತ್ತೇವೆ. ನೆಲವೆಲ್ಲ ಕೆಸರು, ಹಾಗಾಗಿ ಜೀಪಿನ ಬಾನೆಟ್ ಮೇಲಿಂದ ಹಾರಿಸಿ, ಬರುವಾಗ ಕೈಯಲ್ಲೇ ಹಿಡಿದುಕೊಳ್ಳುತ್ತೇವೆ. ಕ್ಯಾಮೆರಾ ಡ್ರೋನಿನ ಬ್ಯಾಟರಿ ಅರ್ಧ ಗಂಟೆ ಬರುತ್ತದೆ ಅಂತ ಡಬ್ಬಿ ಮೇಲೆ ಬರೆದಿರುತ್ತದೆ. ನದಿ ಮೇಲಿನ ಗಾಳಿಗೆ ಎದುರು ಹೋದರೆ ಇಪ್ಪತ್ತು ನಿಮಿಷ ಸಿಕ್ಕರೆ ಪುಣ್ಯ. ಬಿಸಿ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕಬಾರದು. ನೆರೆಯಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ? ಕೆಲವು ದಿನ ಹೀಗೆ ಓಡಿಸಿದರೆ ಬ್ಯಾಟರಿ ಉಬ್ಬುತ್ತದೆ. ಉಬ್ಬಿದ್ದನ್ನು ಮತ್ತೆ ಹಾರಿಸುವಂತಿಲ್ಲ, ಎಸೆಯಬೇಕು. ನಮ್ಮ ಜೇಬಿಗೆ ಕತ್ತರಿ ಬೀಳೋದು ಇಲ್ಲೇ.

ಮೊದಲ ಸಲ ಬಿಲ್ಲು ಹಿಡಿದು ಒಂದು ಕಚೇರಿಗೆ ಹೋದೆ. ಕೇಸ್ ವರ್ಕರ್ ನನ್ನ ಅರ್ಜಿ ತಿರುವಿ ನೋಡಿದರು. "ಏನ್ರೀ ಸರ, ಮ್ಯಾಲ ಸ್ವಯಂಸೇವಕರು ಅಂತ ಬರದೀರಿ, ಕೆಳಗ ಬಿಲ್ ಹಚ್ಚೀರಿ. ಎರಡ್ರಾಗ ಯಾವ್ದು ಖರೆ?"

ಸಿಟ್ಟು ಬಂತು. ಆದರೆ ಅವರ ಪ್ರಶ್ನೆ ಸರಿಯಾಗೇ ಇತ್ತು. ಅದೇ ನೆರೆಯಲ್ಲಿ ದೋಣಿಯವನಿಗೆ ಬಾಡಿಗೆ ಮಂಜೂರಾಗಿತ್ತು. ಅವನ ಹತ್ತಿರ ಅಧಿಕಾರಿ ಸಹಿ ಮಾಡಿದ ಚೀಟಿ ಇತ್ತು. ನಮ್ಮ ಹತ್ತಿರ ಇದ್ದದ್ದು "ಬೇಗ ಬನ್ನಿ" ಅನ್ನುವ ವಾಟ್ಸಾಪ್ ಮೆಸೇಜು.

ದುಡ್ಡು ಇಲ್ಲ ಅನ್ನೋದು ಸುಳ್ಳು. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಗೆ ಒಟ್ಟು 1,60,153 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಕರ್ನಾಟಕದಂಥ ರಾಜ್ಯಗಳಲ್ಲಿ ಇದರ ಮುಕ್ಕಾಲು ಪಾಲು ಕೇಂದ್ರದ್ದು, ಕಾಲು ಪಾಲು ರಾಜ್ಯದ್ದು. ನೂರು ರೂಪಾಯಿಯಲ್ಲಿ 40 ತಕ್ಷಣದ ರಕ್ಷಣೆ ಮತ್ತು ಪರಿಹಾರಕ್ಕೆ, 30 ಮತ್ತೆ ಕಟ್ಟಿಕೊಳ್ಳುವುದಕ್ಕೆ, 10 ಮುಂಚಿತ ಸಿದ್ಧತೆಗೆ, ಉಳಿದ 20 ಅನಾಹುತ ತಗ್ಗಿಸುವ ಕೆಲಸಗಳಿಗೆ. ಯಾವುದಕ್ಕೆ ಕೊಡಬಹುದು ಅನ್ನುವ ಪಟ್ಟಿಯೂ ಇದೆ. ಜನರನ್ನು ಹುಡುಕಿ ಹೊರತರುವ ಖರ್ಚು ಅದರಲ್ಲಿದೆ, ದೋಣಿ ಬಾಡಿಗೆ ಇದೆ. ವಿಮಾನ, ಹೆಲಿಕಾಪ್ಟರ್‌ನಿಂದ ಸಾಮಾನು ಇಳಿಸುವುದಕ್ಕೂ ಒಂದು ಬಾಬ್ತು ಇದೆ. ಅಲ್ಲಿ ವಾಯುಪಡೆ ಅಥವಾ ಬೇರೆ ವಿಮಾನದವರು ಎಷ್ಟು ಬಿಲ್ ಹಾಕುತ್ತಾರೋ ಅಷ್ಟೇ ಮಿತಿ. ನೋಡಿ, ವಾಯುಪಡೆ ಕೂಡ ಬಿಲ್ ಹಾಕುತ್ತದೆ! ನಾವೇಕೆ ನಾಚಿಕೊಳ್ಳಬೇಕು? ನಾನು ನಮ್ಮ ಖರ್ಚನ್ನು ಹುಡುಕಾಟ ಮತ್ತು ರಕ್ಷಣೆ ಬಾಬ್ತಿನಲ್ಲಿ ಕೇಳಿದೆ.

ಇನ್ನೊಂದು ದೊಡ್ಡ ಸಹಾಯ ಸಿಕ್ಕಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ 50ನೇ ಕಲಮಿನಿಂದ. ಒಬ್ಬ ನಿವೃತ್ತ ಶಿರಸ್ತೇದಾರರು ಚಹಾ ಕುಡಿಯುತ್ತ ಹೇಳಿಕೊಟ್ಟರು. ತುರ್ತು ಇದ್ದಾಗ ಜಿಲ್ಲಾ ಪ್ರಾಧಿಕಾರ ಟೆಂಡರ್ ಇಲ್ಲದೇ ಬೇಕಾದ್ದನ್ನು ತರಿಸಬಹುದು. ಅದು ಬಳಕೆಯಾಗಿದೆ ಅಂತ ಅಧಿಕಾರ ಕೊಟ್ಟ ಅಧಿಕಾರಿ ಪ್ರಮಾಣಪತ್ರ ಬರೆದರೆ, ಲೆಕ್ಕಕ್ಕೆ ಅದೇ ವೋಚರ್. ಅಂದರೆ ನೀರಿನ ನಡುವೆ ಜಿಎಸ್‌ಟಿ ಬಿಲ್ಲು ಹುಡುಕುತ್ತ ಕೂರಬೇಕಿಲ್ಲ. ಅಧಿಕಾರಿಯ ಕೈಯಲ್ಲಿ ಅವತ್ತೇ ಬರೆಸಿಕೊಳ್ಳಬೇಕು, ಅಷ್ಟೇ.

ಮುಂದಿನ ಮಳೆಗಾಲಕ್ಕೆ ಮುಂಚೆ ನಾವು ಕೆಲವರು ಸೇರಿ ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟೆವು, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಅವರೇ ತಾನೆ. ಅರ್ಜಿಯಲ್ಲಿ ಎರಡು ಹಾಳೆ ಬೇರೆ ಬೇರೆ ಇಟ್ಟೆವು. ಒಂದರಲ್ಲಿ ನಮ್ಮ ದುಡಿಮೆ: ಸೊನ್ನೆ. ಇನ್ನೊಂದರಲ್ಲಿ ಯಂತ್ರದ ಖರ್ಚು: ಇಂಧನ, ಬ್ಯಾಟರಿ ಸವೆತ, ಪ್ರೊಪೆಲ್ಲರ್, ಒಂದೊಂದಕ್ಕೂ ದರ. ಡ್ರೋನಿನ ನೋಂದಣಿ ಸಂಖ್ಯೆ, ಪೈಲಟ್ ಪ್ರಮಾಣಪತ್ರ, ಮೂರನೇ ವ್ಯಕ್ತಿ ವಿಮೆ ಹಚ್ಚಿದೆವು. ಕರೆದಾಗ ಒಂದು ಸಾಲಿನದ್ದಾದರೂ ಆದೇಶ ಕೊಡಿ, ದಿನಾಂಕ, ಜಾಗ, ಕೆಲಸ, ಸಹಿ ಇದ್ದರೆ ಸಾಕು ಅಂತ ಕೇಳಿಕೊಂಡೆವು. "ಸ್ವಯಂಸೇವಕರು ಮತ್ತ ಬಿಲ್" ಅನ್ನುವ ಪ್ರಶ್ನೆ ಆಮೇಲೆ ಯಾರೂ ಎತ್ತಲಿಲ್ಲ.

ಹಾರಾಟದ ದಿನ ಒಂದು ನೋಟ್‌ಬುಕ್ ಇರಲೇಬೇಕು. ಎಷ್ಟು ಹೊತ್ತಿಗೆ ಏರಿತು, ಎಲ್ಲಿಂದ, ಯಾವ ನಂಬರಿನ ಬ್ಯಾಟರಿ, ಏನು ಕಂಡಿತು, ಯಾರಿಗೆ ತಿಳಿಸಿದೆವು. ಬ್ಯಾಟರಿಗಳ ಮೇಲೆ ಮಾರ್ಕರ್‌ನಲ್ಲಿ ನಂಬರ್ ಬರೆದಿರುತ್ತೇವೆ. ಸಂಜೆ ಕಾಳಜಿ ಕೇಂದ್ರದಲ್ಲಿ ಊಟದ ಹೊತ್ತಿಗೆ ನೋಡಲ್ ಅಧಿಕಾರಿ ಸಿಗುತ್ತಾರೆ, ಅಲ್ಲೇ ಸಹಿ ಹಾಕಿಸಿಕೊಳ್ಳುವುದು. ಮರುದಿನಕ್ಕೆ ಬಿಟ್ಟರೆ ಅವರು ಬೇರೆ ಊರಲ್ಲಿ, ನೀವು ಬೇರೆ ಊರಲ್ಲಿ. ತಿಂಗಳಾದ ಮೇಲೆ ವರ್ಗಾವಣೆಯೂ ಆಗಿರುತ್ತದೆ.

ನಿಯಮದ ವಿಚಾರದಲ್ಲಿ ಒಂದು ಸೂಕ್ಷ್ಮ ಇದೆ. 2021ರ ಡ್ರೋನ್ ನಿಯಮದ ಪ್ರಕಾರ ಎರಡು ಕಿಲೋವರೆಗಿನ ಮೈಕ್ರೋ ಡ್ರೋನನ್ನು ವ್ಯಾಪಾರಕ್ಕಲ್ಲದೆ ಹಾರಿಸಿದರೆ ಪೈಲಟ್ ಪ್ರಮಾಣಪತ್ರ ಬೇಡ. ಬಿಲ್ಲಿನಲ್ಲಿ "ಬಾಡಿಗೆ" ಅಂತ ಬರೆದಿರೋ, ನಾಳೆ ಯಾರಾದರೂ ಅದನ್ನು ವ್ಯಾಪಾರ ಅನ್ನಬಹುದು. ಆದ್ದರಿಂದ "ವಾಸ್ತವ ಖರ್ಚು" ಅಂತಲೇ ಬರೆಯಿರಿ, ಪ್ರಮಾಣಪತ್ರವನ್ನೂ ಮಾಡಿಸಿಟ್ಟುಕೊಳ್ಳಿ. ನನಗೆ ಔಷಧಿ ಹೊಡೆಯುವ ದೊಡ್ಡ ಡ್ರೋನಿಗೆ ಹೇಗೂ ಬೇಕೇ ಇತ್ತು. ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಹಸಿರು ಅಂತ ತೋರಿಸಿದ ವಲಯದಲ್ಲಿ 400 ಅಡಿವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ಒಳಗಾದರೆ 200 ಅಡಿವರೆಗೆ ಮಾತ್ರ. ಶ್ರೀನಿವಾಸ ಸರಡಗಿಯಲ್ಲಿ ನಮ್ಮ ವಿಮಾನ ನಿಲ್ದಾಣ ಇದೆ, 2019ರಲ್ಲಿ ವಿಮಾನ ಓಡಾಟ ಶುರುವಾಗಿತ್ತು, ನಕ್ಷೆ ನೋಡದೆ ಹಾರಿಸಬೇಡಿ. ಬೀದರಿನಲ್ಲಿ ವಾಯುಪಡೆ ನೆಲೆಯೇ ಇದೆ, ಅಲ್ಲಿನ ಗೆಳೆಯರು ಅನುಮತಿ ಕೈಗೆ ಬರದೆ ಡಬ್ಬಿ ತೆರೆಯಲೇಬಾರದು. ಹೆಲಿಕಾಪ್ಟರ್ ಬರುತ್ತದೆ ಅಂತ ಕಂಟ್ರೋಲ್ ರೂಮಿನಿಂದ ಫೋನು ಬಂದರೆ ಮರುಮಾತಿಲ್ಲದೆ ಇಳಿಸಿಬಿಡಿ.

ನನ್ನ ಅಭಿಪ್ರಾಯ ಕೇಳಿದರೆ, ಪೈಲಟ್‌ಗೆ ದಿನಗೂಲಿ ಕೊಡುವುದು ಬೇಡ. ದುಡ್ಡು ಸಿಗುತ್ತದೆ ಅಂದ ಕೂಡಲೇ ಗುತ್ತಿಗೆದಾರರು ನುಗ್ಗುತ್ತಾರೆ, ಸೇವೆಗೆ ಬಂದ ಹುಡುಗರು ಹಿಂದೆ ಸರಿಯುತ್ತಾರೆ. ಅಮೆರಿಕದಲ್ಲಿ 1941ರ ಡಿಸೆಂಬರ್ 1ರಂದು ಶುರುವಾದ ಸಿವಿಲ್ ಏರ್ ಪ್ಯಾಟ್ರೋಲ್ ಅಂತ ಇದೆ. ಪೈಲಟ್‌ಗಳು ಸ್ವಯಂಸೇವಕರು, ಸಂಬಳವಿಲ್ಲ. ವಾಯುಪಡೆ ಒಪ್ಪಿಸಿದ ಕೆಲಸಕ್ಕೆ ಹೋದರೆ ಇಂಧನದ ಖರ್ಚು ಸರ್ಕಾರದ್ದು. ಕೆನಡಾದಲ್ಲೂ 1986ರಿಂದ ಇಂಥ ಸಂಘ ಇದೆ, ಹಣ ರಕ್ಷಣಾ ಇಲಾಖೆಯದ್ದು. ನಮ್ಮಲ್ಲಿ ಆಪದ ಮಿತ್ರ ಯೋಜನೆಯಲ್ಲಿ 350 ಜಿಲ್ಲೆಗಳ ಒಂದು ಲಕ್ಷ ಸ್ವಯಂಸೇವಕರಿಗೆ ತರಬೇತಿ, ಕಿಟ್ಟು, ವಿಮೆ ಅಂತ ಲೆಕ್ಕ ಹಾಕಿದ್ದರು. ಡ್ರೋನ್ ಹುಡುಗರನ್ನೂ ಅದೇ ರೀತಿ ಸೇರಿಸಿಕೊಂಡರೆ ಸಾಕು. ಮೂರನೇ ವ್ಯಕ್ತಿ ವಿಮೆ ಬೇರೆಯವರಿಗೆ ಆದ ಹಾನಿಗೆ. ನಮ್ಮ ಹುಡುಗ ಕಾಲು ಜಾರಿ ನೀರಿಗೆ ಬಿದ್ದರೆ ಅವನ ಮನೆಯವರಿಗೆ ಯಾರು? ನನ್ನನ್ನು ಜಾಸ್ತಿ ಕಾಡೋದು ಬಿಲ್ಲಿಗಿಂತ ಇದು.

ಕೊನೆಗೆ ಪೆಟ್ರೋಲು, ಜನರೇಟರ್ ಬಾಡಿಗೆ, ಪ್ರೊಪೆಲ್ಲರ್ ಪಾಸಾದವು. ಬ್ಯಾಟರಿಗೆ ಅರ್ಧ ಕೊಟ್ಟರು, ಮೊದಲೇ ಹಳೇದಿತ್ತಲ್ಲ ಅಂದರು. ವಿಮೆ ಕಂತನ್ನು ಹೊಡೆದುಹಾಕಿದರು, ವರ್ಷವಿಡೀ ನಿಮ್ಮ ಧಂದೆಗೂ ಅದೇ ವಿಮೆ ಅಲ್ವಾ ಅಂತ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊನ್ನೆ ಯಾದಗಿರಿಯ ಹುಡುಗರು ಅರ್ಜಿಯ ನಮೂನೆ ಕೇಳಿದರು, ಕಳಿಸಿದ್ದೇನೆ. ಬೇಕಾದವರಿಗೆ ಕೊಡುತ್ತೇನೆ. ಜೊತೆಗೆ ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ ತಗೊಂಡು ಹೋಗಿ ಖಜಾನೆ-2ರಲ್ಲಿ, ಅಂದರೆ ರಾಜ್ಯ ಖಜಾನೆಯ ಆನ್‌ಲೈನ್ ವ್ಯವಸ್ಥೆಯಲ್ಲಿ, ರಿಸಿಪಿಯೆಂಟ್ ಐಡಿ (ಹಣ ಪಡೆಯುವವರ ಸಂಖ್ಯೆ) ಈಗಲೇ ಮಾಡಿಸಿಕೊಳ್ಳಿ. ನಮ್ಮ ಬಿಲ್ಲು ಮಂಜೂರಾದ ಮೇಲೂ ಸುಮ್ನೆ ಬಿದ್ದಿದ್ದು ಅದೊಂದು ಇಲ್ಲದ್ದಕ್ಕೆ.