ನೀಲಗಿರಿ ರೈಲಿನ ಫೋಟೊ ಫಿಲ್ಮ್ ಕ್ಯಾಮೆರಾದಲ್ಲಿ ತೆಗೆಯೋರಿಗೆ

ಮೈಸೂರು ಕಡೆಯಿಂದ ಹೋಗೋರು ಸಾಮಾನ್ಯವಾಗಿ ಊಟಿಯಲ್ಲಿ ರೈಲು ಹತ್ತಿ ಕೂನೂರಿನಲ್ಲಿ ಇಳಿದುಬಿಡುತ್ತಾರೆ. ಆದರೆ ಅಲ್ಲಿ ಓಡೋದು ಡೀಸೆಲ್ ಎಂಜಿನ್. ಹಬೆ ಎಂಜಿನ್ ಬೇಕಾದರೆ ಮೆಟ್ಟುಪಾಳ್ಯಂಗೆ ಇಳಿಯಲೇಬೇಕು. ರೈಲು ಬೆಳಗ್ಗೆಯೇ ಹೊರಡುತ್ತದೆ, ಹಿಂದಿನ ರಾತ್ರಿ ಅಲ್ಲೇ ಉಳಿಯಿರಿ. ಟಿಕೆಟ್ ಬೇಗ ಮುಗಿಯುತ್ತದೆ, ಮೊದಲೇ ಬುಕ್ ಮಾಡಿ.

ಕಲ್ಲಾರ್‌ನಿಂದ ಕೂನೂರಿನವರೆಗೆ, ಎಂಜಿನ್ ಜಾರದೆ ಹತ್ತಲಿ ಅಂತ, ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ. 12 ಅಡಿಗೆ ಸುಮಾರು 1 ಅಡಿ ಏರು! ಎಂಜಿನ್ ಎಳೆಯಲ್ಲ, ಹಿಂದಿನಿಂದ ತಳ್ಳುತ್ತದೆ. ಹಾಗಾಗಿ ತಿರುವುಗಳಲ್ಲಿ ಎಂಜಿನ್ ಸಿಗಬೇಕಂದ್ರೆ ಮುಂದಿನ ಬೋಗಿಯಲ್ಲಿ ಕೂತು ಹಿಂದಕ್ಕೆ ನೋಡಬೇಕು.

ಬೆಳಕು ಅಳೆಯೋ ಕ್ಯಾಮೆರಾ ಮೀಟರ್ ಇಲ್ಲಿ ಚೆನ್ನಾಗಿ ಮೋಸ ಮಾಡುತ್ತದೆ. ಬಿಳಿ ಹಬೆ ತುಂಬಿದರೆ ಚಿತ್ರ ಕಪ್ಪಾಗುತ್ತದೆ, ಕಪ್ಪು ಎಂಜಿನ್ ತುಂಬಿದರೆ ಜಾಸ್ತಿ ಬೆಳಕಾಗುತ್ತದೆ. ಅದೇ ಬಿಸಿಲಲ್ಲಿರೋ ಹುಲ್ಲಿನ ಮೇಲೆ ಮೀಟರ್ ಮಾಡಿ, ಆ ಅಳತೆಯನ್ನೇ ಇಟ್ಟುಕೊಳ್ಳಿ. ಕಾಡಿನ ನೆರಳು, ಮಂಜು ಎರಡೂ ಇರೋದರಿಂದ ISO 400 ವೇಗದ ನೆಗೆಟಿವ್ ಫಿಲ್ಮ್ ಸಾಕು. ಬೆಳಕಿನ ಅಳತೆ ಸ್ವಲ್ಪ ತಪ್ಪಿದರೂ ಕೆಡೋ ಸ್ಲೈಡ್ ಫಿಲ್ಮ್ ಸುಮ್ನೆ ತಲೆನೋವು.

ಹಿಲ್‌ಗ್ರೋವ್‌ನಲ್ಲಿ ಎಂಜಿನ್ ನೀರು ಕುಡಿಯಲು ನಿಲ್ಲುತ್ತದೆ. ರೋಲ್ ಬದಲಿಸೋಕೆ ಅದೇ ಸಮಯ, ಮುಗಿಯದಿದ್ದರೂ ಬದಲಿಸಿ. ಕೋತಿಗಳಿವೆ, ಕ್ಯಾಮೆರಾ ಚೀಲದ ಜಿಪ್ ಹಾಕಿರಲಿ.