ಟ್ರ್ಯಾಕ್ ಸವಾರಿಗೆ ಕೈಗವಸು ಆರಿಸುವಾಗ

ಟ್ರ್ಯಾಕ್‌ನಲ್ಲಿ ಬೈಕ್ ಓಡಿಸಲು ಹೊರಟವರು ಕೈಗವಸನ್ನು ಮೊದಲು ಅಂಗೈಯ ಕಡೆಯಿಂದ ಪರೀಕ್ಷಿಸಬೇಕೆಂಬುದು ನನ್ನ ಸಲಹೆ. ಬೀಳುವಾಗ ನಾವು ಯೋಚಿಸುವ ಮೊದಲೇ ಕೈಗಳು ನೆಲಕ್ಕೆ ಊರಿಕೊಳ್ಳುತ್ತವೆ; ಆಗ ಅಂಗೈಯ ಬುಡದ ಚರ್ಮ ಡಾಂಬರಿಗೆ ಕಚ್ಚಿಕೊಂಡು ನಿಂತರೆ, ಮೈಭಾರವೆಲ್ಲ ಮಣಿಕಟ್ಟಿನ ಸಣ್ಣ ಮೂಳೆಗಳ ಮೇಲೆ, ಅದರಲ್ಲೂ ಹೆಬ್ಬೆರಳಿನ ಬುಡದ ಕಡೆಯಿರುವ ಸ್ಕೇಫಾಯ್ಡ್ ಮೂಳೆಯ ಮೇಲೆ ಬೀಳುತ್ತದೆ. ರಕ್ತಸಂಚಾರ ಕಡಿಮೆಯಿರುವ ಆ ಮೂಳೆ ಮುರಿದರೆ ಕೂಡಿಕೊಳ್ಳುವುದು ಬಹಳ ನಿಧಾನ. ಆದ್ದರಿಂದ ಅಲ್ಲಿ ಸಲೀಸಾಗಿ ಜಾರುವಂಥ ಗಟ್ಟಿ ತುಂಡು, ಅಂದರೆ ಸ್ಲೈಡರ್, ಇರುವ ಕೈಗವಸನ್ನೇ ಆರಿಸಿ.

ಸವಾರಿಗೆ ತೊಡುವ ಸೂಟಿನ ತೋಳಿನ ಮೇಲೆ ಬರುವಷ್ಟು ಉದ್ದ ಮತ್ತು ಮಣಿಕಟ್ಟಿಗೆ ಪ್ರತ್ಯೇಕ ಪಟ್ಟಿ ಇರಲೇಬೇಕು. ಪಟ್ಟಿ ಬಿಗಿದ ಮೇಲೆ ಇನ್ನೊಂದು ಕೈಯಿಂದ ಬಲವಾಗಿ ಎಳೆದು ನೋಡಿ. ಕಳಚಿ ಬಂದರೆ, ಬೆಲೆ ಎಷ್ಟೇ ಇರಲಿ, ಅದು ಬೇಡ. ಬೈಕ್ ಸವಾರರ ಕೈಗವಸುಗಳಿಗಿರುವ ಯುರೋಪಿನ ಇಎನ್ 13594 ಮಾನದಂಡದಲ್ಲಿ 2ನೆಯ ಹಂತವು 1ನೆಯದಕ್ಕಿಂತ ಹೆಚ್ಚಿನ ರಕ್ಷಣೆಯನ್ನು ಸೂಚಿಸುತ್ತದೆ. ‘ಕೆಪಿ’ ಎಂಬ ಗುರುತಿದ್ದರೆ ಗೆಣ್ಣುಗಳ ಕವಚವೂ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದರ್ಥ.

ಅಳತೆಯನ್ನು ಕೈ ಚಾಚಿ ನೋಡದೆ, ಹ್ಯಾಂಡಲ್ ಹಿಡಿದ ಭಂಗಿಯಲ್ಲಿ, ಬ್ರೇಕ್ ಮತ್ತು ಕ್ಲಚ್ ಲಿವರ್‌ಗಳನ್ನು ಒತ್ತುತ್ತ ನೋಡಬೇಕು. ಬೆರಳ ತುದಿಗಳು ಹೊಲಿಗೆಗೆ ಒತ್ತಬಾರದು, ಅಂಗೈಯಲ್ಲಿ ಚರ್ಮ ಮಡಿಕೆ ಬೀಳಬಾರದು. ಮಡಿಕೆಯಿದ್ದ ಕಡೆಯೇ ಕೆಲವು ಸುತ್ತುಗಳಲ್ಲಿ ಬೊಬ್ಬೆ ಏಳುತ್ತದೆ. ಚರ್ಮ ಬಳಸಿದಂತೆ ಸ್ವಲ್ಪ ಹಿಗ್ಗುವುದರಿಂದ ಹೊಸದು ತುಸು ಬಿಗಿಯಾಗಿದ್ದರೆ ಚಿಂತೆಯಿಲ್ಲ.